ಒಂದೇ ಪ್ಯಾಕೆಟ್ಟು, ಎರಡು ಮೈ



ಇವತ್ತಿನ ವಿಷಯ ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಆಡುವಂಥದ್ದಲ್ಲ. ಹೆಣ್ಣುಮಕ್ಕಳು ಕುಡಿಯುತ್ತಾರೆಯೇ ಎಂದು ಬಳ್ಳಾರಿಯಲ್ಲಿ ಕೇಳಿ, ಸಿರುಗುಪ್ಪದಲ್ಲಿ ಕೇಳಿ, ಕುರುಗೋಡಿನಲ್ಲಿ ಕೇಳಿ, "ಛೇ, ನಮ್ಮ ಕಡೆ ಹಂಗೇನಿಲ್ರಿ" ಎಂಬ ಉತ್ತರವೇ ಮೊದಲು ಬರುತ್ತದೆ. ಆ ಉತ್ತರ ಬಹುಮಟ್ಟಿಗೆ ನಿಜವೂ ಹೌದು. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ 10ರಿಂದ 75 ವರ್ಷದೊಳಗಿನ ಗಂಡಸರಲ್ಲಿ ಶೇಕಡಾ 27.3 ಮಂದಿ ಮದ್ಯ ಸೇವಿಸುತ್ತಾರೆ, ಹೆಂಗಸರಲ್ಲಿ ಶೇಕಡಾ 1.6 ಮಂದಿ. ಹದಿನೇಳು ಗಂಡಸರಿಗೆ ಒಬ್ಬ ಹೆಂಗಸು ಎಂದಾಯಿತು. ಆ ಹದಿನೇಳು ಜನರ ಕುಡಿತದ ಬಗ್ಗೆ ನಾವು ಭಾಷಣ ಮಾಡಿದ್ದೇವೆ, ನಾಟಕ ಆಡಿದ್ದೇವೆ, ಬೀದಿಗಿಳಿದಿದ್ದೇವೆ. ಉಳಿದ ಆ ಒಬ್ಬಳ ಬಗ್ಗೆ, ಅವಳ ಲಿವರಿನ ಬಗ್ಗೆ ಇವತ್ತು ಮಾತಾಡುತ್ತೇನೆ.

ಸಿರುಗುಪ್ಪ ಭತ್ತದ ಸೀಮೆ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರೆಂದರೆ ನಾಟಿ ಶುರು. ಹೊತ್ತು ಹುಟ್ಟಿದಾಗ ಕೆಸರಿಗಿಳಿದ ಹೆಣ್ಣಾಳುಗಳು ಸೊಂಟ ನೆಟ್ಟಗೆ ಮಾಡುವುದು ಊಟಕ್ಕೆ, ಮತ್ತೆ ಸಂಜೆಗೆ. ಕುರುಗೋಡಿನ ಕಡೆ ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ ಕೈ, ಕಣ್ಣು, ಮೂಗು ಎಲ್ಲ ಉರಿ. ಬಳ್ಳಾರಿ ಪೇಟೆಯಲ್ಲಿ ಜೀನ್ಸ್ ಹೊಲಿಗೆ. ಮಷಿನ್ನಿನ ಮುಂದೆ ಬಗ್ಗಿ ಕೂತ ಬೆನ್ನು, ಗುಂಡಿ ಹಚ್ಚಿ ದಾರ ಕತ್ತರಿಸುವ ಬೆರಳು. ಇಷ್ಟೆಲ್ಲ ದುಡಿದು ಮನೆಗೆ ಬಂದವಳು ಒಲೆ ಹಚ್ಚಬೇಕು, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣಬೇಕು. ಇಂಥವರಲ್ಲಿ ಕೆಲವರು, ಕೆಲವರು ಮಾತ್ರ, "ಮೈಕೈ ನೋವಿಗೆ ಒಂದೀಟು" ಎಂದು ಗಂಡ ತಂದ ಪ್ಯಾಕೆಟ್ಟಿನಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಮುಂಚೆ ಸಾರಾಯಿ ಪ್ಯಾಕೆಟ್ಟಿತ್ತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆ ಜಾಗಕ್ಕೆ ಈಗ ತೊಂಬತ್ತು ಎಂ.ಎಲ್. ವಿಸ್ಕಿಯ ಕಾಗದದ ಪ್ಯಾಕೆಟ್ಟು ಬಂದಿದೆ.

ಆ ಪ್ಯಾಕೆಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ 42.8 ಎಂದು ಬರೆದಿರುತ್ತದೆ. ನೂರು ಭಾಗ ದ್ರವದಲ್ಲಿ 42.8 ಭಾಗ ಶುದ್ಧ ಆಲ್ಕೊಹಾಲ್ ಎಂದು ಅದರ ಅರ್ಥ. ತೊಂಬತ್ತು ಎಂ.ಎಲ್.ನಲ್ಲಿ ಸುಮಾರು 38 ಎಂ.ಎಲ್. ಆಲ್ಕೊಹಾಲ್, ತೂಕದಲ್ಲಿ ಹೇಳುವುದಾದರೆ 30 ಗ್ರಾಂ. ಗಂಡನಿಗೂ ಅಷ್ಟೇ, ಹೆಂಡತಿಗೂ ಅಷ್ಟೇ ಹೋಯಿತೆಂದು ಇಟ್ಟುಕೊಳ್ಳೋಣ. ಇಲ್ಲಿಂದ ಮುಂದೆ ಇಬ್ಬರ ಮೈಯೊಳಗೆ ನಡೆಯುವುದು ಒಂದೇ ಅಲ್ಲ.

ಆಲ್ಕೊಹಾಲ್ ನೀರಿನಲ್ಲಿ ಕರಗುವ ವಸ್ತು, ಕೊಬ್ಬಿನಲ್ಲಿ ಅದು ಅಷ್ಟಾಗಿ ಕರಗುವುದಿಲ್ಲ. ಗಂಡಸಿನ ಮೈತೂಕದಲ್ಲಿ ನೀರಿನ ಪಾಲು ಹೆಚ್ಚು, ಹೆಂಗಸಿನಲ್ಲಿ ಕೊಬ್ಬಿನ ಪಾಲು ಹೆಚ್ಚು. ಒಂದೇ ಹಿಡಿ ಉಪ್ಪನ್ನು ದೊಡ್ಡ ಕೊಡಕ್ಕೆ ಹಾಕಿದರೆ ಒಂದು ರುಚಿ, ಚಿಕ್ಕ ಕೊಡಕ್ಕೆ ಹಾಕಿದರೆ ಇನ್ನೊಂದು ರುಚಿ, ಇದೂ ಹಾಗೆಯೇ. ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ ಎಂಬ ವಿಜ್ಞಾನಿ 1930ರ ದಶಕದಲ್ಲೇ ಇದಕ್ಕೊಂದು ಲೆಕ್ಕ ಕಟ್ಟಿಕೊಟ್ಟ. ಕುಡಿದ ಆಲ್ಕೊಹಾಲಿನ ತೂಕವನ್ನು ಮೈತೂಕದಿಂದಲೂ ಒಂದು ಗುಣಕದಿಂದಲೂ ಭಾಗಿಸಬೇಕು. ಆ ಗುಣಕ ಗಂಡಸಿಗೆ ಸುಮಾರು 0.68, ಹೆಂಗಸಿಗೆ ಸುಮಾರು 0.55. ಪೊಲೀಸ್ ಪ್ರಯೋಗಾಲಯಗಳೂ ನ್ಯಾಯಾಲಯಗಳೂ ಈ ಲೆಕ್ಕವನ್ನು ಇವತ್ತಿಗೂ ಬಳಸುತ್ತವೆ.

ನಮ್ಮ ದಂಪತಿಗೇ ಇದನ್ನು ಹಚ್ಚಿ ನೋಡೋಣ. ಗಂಡ 65 ಕಿಲೊ, ಹೆಂಡತಿ 50 ಕಿಲೊ. ಪೂರ್ತಿ ಪ್ಯಾಕೆಟ್ಟು ಒಮ್ಮೆಗೇ ರಕ್ತಕ್ಕೆ ಸೇರಿತೆಂದರೆ ಗಂಡನ ನೂರು ಗ್ರಾಂ ರಕ್ತದಲ್ಲಿ ಹತ್ತಿರ ಹತ್ತಿರ 70 ಮಿಲಿಗ್ರಾಂ ಆಲ್ಕೊಹಾಲ್, ಹೆಂಡತಿಯ ರಕ್ತದಲ್ಲಿ 110. ಗಾಡಿ ಓಡಿಸುವವರಿಗೆ ನಮ್ಮ ಕಾನೂನು ಹಾಕಿರುವ ಮಿತಿ ನೂರು ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. "ಅವಳು ಸಣಕಲಿ, ಅದಕ್ಕೇ ಹಂಗೆ" ಎನ್ನಬಹುದು. ಇಬ್ಬರನ್ನೂ ಒಂದೇ ತೂಕಕ್ಕೆ ತಂದರೂ ಅವಳ ರಕ್ತದಲ್ಲಿ ಕಾಲು ಭಾಗದಷ್ಟು ಹೆಚ್ಚೇ ಇರುತ್ತದೆ. ಈ ಒಂದು ಲೆಕ್ಕ ತಿಳಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಇನ್ನು ಹೊಟ್ಟೆಯ ವಿಷಯ. ಆಲ್ಕೊಹಾಲನ್ನು ಮುರಿಯುವ ಕಿಣ್ವಕ್ಕೆ ಆಲ್ಕೊಹಾಲ್ ಡಿಹೈಡ್ರೋಜಿನೇಸ್ ಎಂದು ಹೆಸರು. ಅದು ಲಿವರಿನಲ್ಲಿ ಹೇರಳವಾಗಿದೆ, ಜಠರದ ಒಳಪದರದಲ್ಲೂ ಸ್ವಲ್ಪ ಇದೆ. ರಕ್ತಕ್ಕೆ ಸೇರುವ ಮೊದಲೇ ಹೊಟ್ಟೆಯಲ್ಲಿ ಒಂದಿಷ್ಟು ಆಲ್ಕೊಹಾಲ್ ಮುರಿದುಹೋಗುತ್ತದೆ. 1990ರಲ್ಲಿ ಇಟಲಿಯ ಮಾರಿಯೊ ಫ್ರೆಟ್ಸಾ, ಅಮೆರಿಕದ ಚಾರ್ಲ್ಸ್ ಲೀಬರ್ ಮತ್ತು ಸಂಗಡಿಗರು 20 ಗಂಡಸರು, 23 ಹೆಂಗಸರನ್ನು ಪರೀಕ್ಷಿಸಿ ಒಂದು ಪ್ರಬಂಧ ಬರೆದರು. ಒಮ್ಮೆ ಬಾಯಿಯಿಂದ, ಇನ್ನೊಮ್ಮೆ ನೇರವಾಗಿ ರಕ್ತನಾಳಕ್ಕೆ ಆಲ್ಕೊಹಾಲ್ ಕೊಟ್ಟು ಎರಡರ ವ್ಯತ್ಯಾಸ ಅಳೆದರು. ಹೀಗೆ ದಾರಿಯಲ್ಲೇ ಮುರಿದುಹೋಗುವ ಪಾಲು ಹೆಂಗಸರಲ್ಲಿ ಗಂಡಸರ ಶೇಕಡಾ 23ರಷ್ಟು ಮಾತ್ರ, ಜಠರದ ಕಿಣ್ವದ ಚುರುಕು ಶೇಕಡಾ 59ರಷ್ಟು ಮಾತ್ರ ಎಂದು ಕಂಡಿತು. ಕುಡಿತಕ್ಕೆ ದಾಸರಾದ ಹೆಂಗಸರಲ್ಲಂತೂ ಈ ಮೊದಲ ತಡೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಾಗಿತ್ತು.

ಆ ಪ್ರಬಂಧ ಆಗ ದೊಡ್ಡ ಸುದ್ದಿಯಾಯಿತು. ಹೊಟ್ಟೆಯ ಪಾತ್ರ ಅಷ್ಟು ದೊಡ್ಡದೇನಲ್ಲ, ಹೆಚ್ಚಿನ ಕೆಲಸ ಲಿವರಿನದೇ ಎಂದು ವಾದಿಸಿದ ವಿಜ್ಞಾನಿಗಳೂ ಇದ್ದಾರೆ, ಆ ಚರ್ಚೆ ಬಹಳ ಕಾಲ ನಡೆಯಿತು. ಗಂಡಸರಿಗೆ ವಯಸ್ಸಾದಂತೆ ಅವರ ಜಠರದ ಕಿಣ್ವವೂ ಕುಗ್ಗುತ್ತದೆ ಎಂದು ಜರ್ಮನಿಯ ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ "ನಾನು ಗಂಡಸು, ನನಗೇನಾಗಲ್ಲ" ಎನ್ನುವ ಹಿರಿಯರಿಗೂ ಇದರಲ್ಲಿ ಎಚ್ಚರಿಕೆ ಇದೆ. ನನಗೆ ಮುಖ್ಯವಾಗಿ ಕಾಣುವುದು ಖಾಲಿ ಹೊಟ್ಟೆಯ ಸಂಗತಿ. ಹೊಟ್ಟೆಯಲ್ಲಿ ಅನ್ನ ಇದ್ದರೆ ಆಲ್ಕೊಹಾಲ್ ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಮುರಿಯಲು ಸಮಯ ಸಿಗುತ್ತದೆ. ಹೊಟ್ಟೆ ಖಾಲಿ ಇದ್ದರೆ ಸೀದಾ ಕರುಳಿಗಿಳಿದು ರಕ್ತಕ್ಕೆ ನುಗ್ಗುತ್ತದೆ. ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವಳು ಯಾರು? ನೋವು ತಡೆಯದೆ ಉಣ್ಣುವ ಮೊದಲೇ ಒಂದು ಗುಟುಕು ಹಾಕುವವಳು ಯಾರು? ಪ್ರಯೋಗಾಲಯದ ಅಂಕಿಗಿಂತ ಈ ಪದ್ಧತಿಯೇ ಅವಳಿಗೆ ಹೆಚ್ಚು ಕೇಡು ಮಾಡುತ್ತಿರಬಹುದು ಎಂದು ನನಗೆ ಅನ್ನಿಸುತ್ತದೆ.

ಈಗ ಲಿವರಿಗೆ ಬರೋಣ. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಕಿತ್ತುಹಾಕಬೇಕು. ಹೆಂಗಸರ ಲಿವರು ಬಲಹೀನ, ಅದಕ್ಕೇ ಅವರಿಗೆ ಬೇಗ ಕೆಡುತ್ತದೆ ಎಂದು ಓದುಬರಹ ಬಲ್ಲವರೂ ಹೇಳುತ್ತಾರೆ. ಅಮೆರಿಕದ ಇಂಡಿಯಾನಾದಲ್ಲಿ ಸಂಶೋಧಕರು ಗಂಡಸರಿಗೂ ಹೆಂಗಸರಿಗೂ ರಕ್ತನಾಳದ ಮೂಲಕ ಅಳತೆಮಾಡಿ ಆಲ್ಕೊಹಾಲ್ ಕೊಟ್ಟು, ಸ್ಕ್ಯಾನ್ ಮಾಡಿ ಲಿವರಿನ ಗಾತ್ರವನ್ನೂ ಅಳೆದು 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೈ ಸಣ್ಣದಾದರೂ ಹೆಂಗಸರ ಲಿವರು ಗಂಡಸರ ಲಿವರಿನಷ್ಟೇ ದೊಡ್ಡದಿತ್ತು. ಕೊಬ್ಬು ಬಿಟ್ಟು ಉಳಿದ ಮೈತೂಕದ ಪ್ರತಿ ಕಿಲೊಗೆ ಲೆಕ್ಕ ಹಾಕಿದರೆ ಅವರ ಲಿವರಿನ ಗಾತ್ರ ಶೇಕಡಾ 38ರಷ್ಟು ಹೆಚ್ಚು, ಆಲ್ಕೊಹಾಲನ್ನು ಹೊರದಬ್ಬುವ ವೇಗ ಶೇಕಡಾ 33ರಷ್ಟು ಹೆಚ್ಚು! ಹೆಣ್ಣಿನ ಲಿವರು ಸೋಮಾರಿಯಲ್ಲ, ಮೈಯ ಅಳತೆಗೆ ನೋಡಿದರೆ ಅದು ಗಂಡಸಿನದಕ್ಕಿಂತ ಹೆಚ್ಚು ದುಡಿಯುತ್ತದೆ. ಅಷ್ಟು ದುಡಿದೂ ಅದು ಕೆಡುತ್ತದೆ ಎಂಬುದೇ ಸಂಕಟದ ಸಂಗತಿ.

ಒಂದು ಲಿವರು ಗಂಟೆಗೆ ಹೆಚ್ಚುಕಮ್ಮಿ 7ರಿಂದ 10 ಗ್ರಾಂ ಆಲ್ಕೊಹಾಲ್ ಕರಗಿಸಬಲ್ಲದು. ತೊಂಬತ್ತಕ್ಕೆ ಮೂರು ನಾಲ್ಕು ಗಂಟೆ, ಕ್ವಾರ್ಟರಿಗೆ ಆರರಿಂದ ಎಂಟು ಗಂಟೆ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಆಲ್ಕೊಹಾಲ್ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ. ಅದು ವಿಷ. ಜೀವಕೋಶದ ಪ್ರೊಟೀನಿಗೂ ಡಿ.ಎನ್.ಎ.ಗೂ ಅಂಟಿಕೊಂಡು ಹಾಳುಮಾಡುತ್ತದೆ. ಇನ್ನೊಂದು ಕಿಣ್ವ ಅದನ್ನು ಅಸಿಟೇಟ್ ಆಗಿ ಮಾರ್ಪಡಿಸಿದ ಮೇಲೆ ಅಪಾಯ ಕಳೆಯುತ್ತದೆ. ಈ ಕೆಲಸ ನಡೆಯುವಾಗ ಲಿವರು ತನ್ನ ಕೊಬ್ಬು ಕರಗಿಸುವ ಕೆಲಸವನ್ನು ಬದಿಗಿಡುತ್ತದೆ. ಹಾಗಾಗಿ ಮೊದಲು ಅಲ್ಲೇ ಕೊಬ್ಬು ಕೂರುತ್ತದೆ, ಆಮೇಲೆ ಉರಿಯೂತ, ಆಮೇಲೆ ಗಾಯ ಮಾಗಿ ನಾರು, ಕೊನೆಗೆ ಲಿವರೇ ಗಂಟುಗಂಟಾಗಿ ಗಟ್ಟಿಯಾಗುವ ಸಿರೋಸಿಸ್.

ಈ ಹಾದಿಯನ್ನು ಹೆಂಗಸರು ಕಡಿಮೆ ಕುಡಿದು, ಕಡಿಮೆ ವರ್ಷಗಳಲ್ಲಿ ಸವೆಸಿಬಿಡುತ್ತಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 13,000ಕ್ಕೂ ಹೆಚ್ಚು ಜನರನ್ನು 12 ವರ್ಷ ಹಿಂಬಾಲಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಲಿವರ್ ರೋಗದ ಅಪಾಯ ಗಂಡಸರಲ್ಲಿ ವಾರಕ್ಕೆ 14ರಿಂದ 27 ಪೆಗ್ಗಿನ ಹಂತದಲ್ಲಿ ಸ್ಪಷ್ಟವಾಗಿ ಏರಿತು, ಹೆಂಗಸರಲ್ಲಿ 7ರಿಂದ 13ರ ಹಂತದಲ್ಲೇ ಏರಿತು. ಅಲ್ಲಿ ಒಂದು ಪೆಗ್ ಎಂದರೆ 12 ಗ್ರಾಂ ಆಲ್ಕೊಹಾಲ್. ನಮ್ಮ ಒಂದು ತೊಂಬತ್ತು ಅವರ ಎರಡೂವರೆ ಪೆಗ್ಗಿಗೆ ಸಮ. ವಾರಕ್ಕೆ ಮೂರು ಪ್ಯಾಕೆಟ್ಟಾದರೆ ಹೆಣ್ಣುಮಗಳು ಆ ಗೆರೆಗೆ ಬಂದು ಮುಟ್ಟಿದಳು. ವಾರಕ್ಕೆ ಮೂರೇ ಮೂರು! ಇದನ್ನು ನಮ್ಮೂರಲ್ಲಿ ಯಾರೂ ಕುಡಿತ ಎಂದೇ ಕರೆಯುವುದಿಲ್ಲ.

ರಕ್ತದಲ್ಲಿ ಆಲ್ಕೊಹಾಲ್ ಹೆಚ್ಚಾಗುವುದೊಂದೇ ಇದಕ್ಕೆ ಕಾರಣವಲ್ಲ. ಆಲ್ಕೊಹಾಲಿನಿಂದ ಕರುಳಿನ ಗೋಡೆ ಸಡಿಲವಾಗಿ ಅಲ್ಲಿನ ಬ್ಯಾಕ್ಟೀರಿಯಾಗಳ ವಿಷ ಲಿವರಿಗೆ ಹರಿದುಬರುತ್ತದೆ. ಲಿವರಿನಲ್ಲಿ ಕಾವಲಿಗಿರುವ ಕುಪ್ಫರ್ ಕೋಶಗಳು ಅದನ್ನು ಕಂಡು ಕೆರಳಿ ಉರಿಯೂತ ಎಬ್ಬಿಸುತ್ತವೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಹೆಣ್ಣಿಲಿಯ ಅಂಡಾಶಯ ತೆಗೆದಾಗ ಈ ಗಾಯ ಕಡಿಮೆಯಾಯಿತು, ಈಸ್ಟ್ರೋಜನ್ ಮರಳಿ ಕೊಟ್ಟಾಗ ಮತ್ತೆ ಹೆಚ್ಚಾಯಿತು. ಹೆಣ್ಣಿನ ಹಾರ್ಮೋನು ಈ ಕೆರಳಿಕೆಗೆ ಇಂಬು ಕೊಡುತ್ತದೆ ಎಂದು ವಿಜ್ಞಾನಿಗಳು ಇದರಿಂದ ಊಹಿಸುತ್ತಾರೆ. ಮನುಷ್ಯರಲ್ಲಿ ಇದು ಇನ್ನೂ ಪೂರ್ತಿ ಬಿಡಿಸದ ಕಗ್ಗಂಟು.

ಇದೆಲ್ಲ ಹೊರದೇಶದ ಮಾತಾಯಿತು, ನಮ್ಮದೇನು ಎಂದು ಕೇಳುವಿರಿ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ವಿಶ್ವ ಆರೋಗ್ಯ ಸಂಸ್ಥೆಯ ಬಹುದೇಶಗಳ ಅಧ್ಯಯನದ ಭಾಗವಾಗಿ ಕರ್ನಾಟಕದಲ್ಲಿ ಗಂಡಸರ, ಹೆಂಗಸರ ಕುಡಿತವನ್ನು ಸಮೀಕ್ಷೆ ಮಾಡಿದ್ದರು. ನಿಮ್ಹಾನ್ಸ್‌ನ ಡಾ. ವಿವೇಕ್ ಬೆನಗಲ್ 2005ರಲ್ಲಿ ಭಾರತದ ಕುಡಿತದ ಬಗ್ಗೆ ಬರೆದ ಲೇಖನದಲ್ಲಿ ಒಂದು ಮಾತಿದೆ: ಕುಡಿಯುವ ಹೆಂಗಸರ ಸಂಖ್ಯೆ ತೀರ ಕಡಿಮೆ, ಆದರೆ ಒಂದು ಸಲಕ್ಕೆ ಕುಡಿಯುವ ಪ್ರಮಾಣದಲ್ಲಿ ಗಂಡಸರಿಗೂ ಅವರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಮೇಲಿನ ಲೆಕ್ಕವನ್ನೆಲ್ಲ ಈ ಮಾತಿನ ಪಕ್ಕದಲ್ಲಿಟ್ಟು ನೋಡಿ. ಚಿಕ್ಕ ಕೊಡ, ಅದೇ ಹಿಡಿ. ನನ್ನನ್ನು ಕಾಡುವ ಸಂಗತಿ ಇದೇ.

ಹೆಂಡದ ವಿರುದ್ಧ ಹೋರಾಡಿದವರಲ್ಲಿ ನಮ್ಮ ಹೆಣ್ಣುಮಕ್ಕಳೇ ಮುಂದು. ಗಡಿಯಾಚೆ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1992ರಲ್ಲಿ ಎಬ್ಬಿಸಿದ ಸಾರಾಯಿ ವಿರೋಧಿ ಕಿಚ್ಚು ಇಡೀ ಆಂಧ್ರಕ್ಕೆ ಹಬ್ಬಿತು. 2019ರ ಜನವರಿಯಲ್ಲಿ ಉತ್ತರ ಕರ್ನಾಟಕದ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಆ ಕಾಲುಗಳಿಗೆ ನನ್ನ ನಮಸ್ಕಾರ. ಆ ಹೋರಾಟದಲ್ಲಿ ಹೆಣ್ಣು ಕುಡುಕನ ಹೆಂಡತಿ, ಕುಡುಕನ ತಾಯಿ, ಏಟು ತಿಂದವಳು. ಅದು ನಿಜ, ಆ ನಿಜಕ್ಕೇ ಅವರು ನಡೆದದ್ದು. ಆದರೆ ಕುಡಿಯುವ ಹೆಣ್ಣು ಆ ಚಿತ್ರದಲ್ಲಿ ಎಲ್ಲೂ ಇಲ್ಲ. ಅವಳಿಗೆ ಗುಂಪಿಲ್ಲ, ಸಂಘವಿಲ್ಲ, ಒಪ್ಪಿಕೊಳ್ಳಲು ಬಾಯಿಯೂ ಇಲ್ಲ.

ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇದು ನಡೆಯುವ ಬಗೆ ಹೀಗಿರುತ್ತದೆ. ಮೂವತ್ತೈದರ ಹೆಣ್ಣುಮಗಳು. ಕಣ್ಣು ಹಳದಿ, ಕಾಲು ಬಾವು, ತೋಳು ಸಣ್ಣಗೆ, ಹೊಟ್ಟೆ ಮಾತ್ರ ಬಿಗಿದಿದೆ. ಕುತ್ತಿಗೆ ಕೆಳಗೆ ಜೇಡದ ಕಾಲಿನಂತೆ ಹರಡಿದ ಸಣ್ಣ ಕೆಂಪು ನರಗಳು. ಪಕ್ಕದಲ್ಲಿ ಅತ್ತೆ, ಹಿಂದೆ ಮೈದುನ. "ಕುಡೀತೀಯೇನಮ್ಮಾ?" ಎಂದು ಅವರೆದುರಿಗೇ ಕೇಳುತ್ತಾರೆ. ಅವಳು ತಲೆ ಅಲ್ಲಾಡಿಸುತ್ತಾಳೆ, ಅತ್ತೆ "ಎಲ್ಲಾದ್ರೂ ಉಂಟೇನ್ರಿ!" ಎನ್ನುತ್ತಾಳೆ. ಚೀಟಿಯಲ್ಲಿ ಕಾಮಾಲೆ ಎಂದು ಬರೆಯಲಾಗುತ್ತದೆ. ಇನ್ನೆಷ್ಟೋ ಮಂದಿ ಅಲ್ಲಿಗೂ ಬರುವುದಿಲ್ಲ. ಹಳದಿ ಕಂಡ ಕೂಡಲೇ ಸೊಪ್ಪಿನ ರಸ ಕೊಡುವವರ ಹತ್ತಿರ ಹೋಗುತ್ತಾರೆ, ಪಥ್ಯ ಮಾಡುತ್ತಾರೆ, ತಿಂಗಳು ಕಳೆಯುತ್ತದೆ. ನೀರಿನಿಂದ ಬರುವ ಕಾಮಾಲೆ ಬಹಳಷ್ಟು ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿಗೆ ಹೋಗುತ್ತದೆ. ಕುಡಿತದ ಕಾಮಾಲೆ ಹಾಗೆ ಇಳಿಯುವುದಿಲ್ಲ.

ವೈದ್ಯ ಮಿತ್ರರೇ, ಅವಳನ್ನು ಒಬ್ಬಳನ್ನೇ ಕೂರಿಸಿ ಕೇಳಿ. ದಾದಿಯರು ಕೇಳಿದರೆ ಇನ್ನೂ ಒಳ್ಳೆಯದು. "ಕುಡೀತೀಯಾ" ಎಂದು ಕೇಳಬೇಡಿ. "ಕೆಲಸ ಮಾಡಿ ಬಂದಾಗ ನೋವಿಗೆ ಏನು ತಗೋತೀಯಮ್ಮಾ?" ಎಂದು ಕೇಳಿ. ಉತ್ತರ ತಾನಾಗಿ ಬರುತ್ತದೆ. ರಕ್ತಪರೀಕ್ಷೆಯಲ್ಲಿ ಎಸ್.ಜಿ.ಒ.ಟಿ. ಎಂಬುದು ಎಸ್.ಜಿ.ಪಿ.ಟಿ.ಯ ಎರಡರಷ್ಟು ಇದ್ದರೆ, ಜಿ.ಜಿ.ಟಿ. ಏರಿದ್ದರೆ ರೋಗಿ ಹೆಂಗಸು ಎಂಬ ಕಾರಣಕ್ಕೆ ಕುಡಿತದ ಅನುಮಾನವನ್ನು ಬದಿಗೆ ಸರಿಸಬೇಡಿ.

ನೋವಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ದಿನಾ ಕುಡಿಯುವವರ ಲಿವರಿನಲ್ಲಿ ಇನ್ನೊಂದು ಕಿಣ್ವ ಚುರುಕಾಗುತ್ತದೆ. ಅದು ಪ್ಯಾರಾಸಿಟಮಾಲ್ ಮಾತ್ರೆಯ ಒಂದು ಪಾಲನ್ನು ಲಿವರಿಗೇ ವಿಷವಾಗಿ ಪರಿವರ್ತಿಸುತ್ತದೆ. ಅಂಗಡಿಯಲ್ಲಿ ಸಿಗುವ ಬೇರೆ ನೋವಿನ ಮಾತ್ರೆಗಳು ಕುಡಿತದ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ. ರಾತ್ರಿ ಗುಟುಕು, ಬೆಳಿಗ್ಗೆ ಮಾತ್ರೆ ಎಂಬ ಜೋಡಿ ನಾಟಿಯ ದಿನಗಳಲ್ಲಿ ಇಂಥ ಮನೆಗಳಲ್ಲಿ ಸಹಜವೆಂಬಂತೆ ನಡೆಯುತ್ತದೆ. ಆ ಜೋಡಿಯನ್ನು ಬಿಟ್ಟುಬಿಡಿ.

ಬಾಣಂತಿಗೆ ಶೀತವಾಗದಿರಲೆಂದು ಬ್ರಾಂಡಿ ಕುಡಿಸುವ ಪದ್ಧತಿ ಕೆಲವು ಮನೆಗಳಲ್ಲಿದೆ. ಪ್ರೀತಿಯಿಂದಲೇ ಕುಡಿಸುತ್ತಾರೆ, ಅದರಲ್ಲಿ ಅನುಮಾನವಿಲ್ಲ. ತಾಯಿಯ ರಕ್ತದಲ್ಲಿ ಎಷ್ಟು ಆಲ್ಕೊಹಾಲ್ ಇರುತ್ತದೋ ಎದೆಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎಳೆಗೂಸಿನ ಲಿವರಿಗೆ ಅದನ್ನು ಮುರಿಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಬ್ರಾಂಡಿ ಕುಡಿದಾಗ ಮೈ ಬೆಚ್ಚಗಾದಂತೆ ಅನ್ನಿಸುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ, ನಿಜಕ್ಕೂ ಮೈ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಬಸುರಿಯರಿಗಂತೂ ಒಂದು ಹನಿಯೂ ಬೇಡ. ಹೊಟ್ಟೆಯೊಳಗಿನ ಕೂಸಿನ ಮೆದುಳಿಗೆ ಆಗುವ ಹಾನಿಯನ್ನು ಆಮೇಲೆ ಯಾವ ಔಷಧಿಯೂ ಸರಿಮಾಡದು. ಕುಡಿತದಿಂದ ಹೆಂಗಸರಿಗೆ ಸ್ತನ ಕ್ಯಾನ್ಸರಿನ ಅಪಾಯವೂ ಏರುತ್ತದೆ. ಇಂತಿಷ್ಟು ಕುಡಿದರೆ ಆರೋಗ್ಯಕ್ಕೆ ತೊಂದರೆಯಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಬಿಚ್ಚಿ ಹೇಳಿದೆ.

ಇಷ್ಟೆಲ್ಲ ಹೆದರಿಕೆಯ ಮಾತಿನ ನಡುವೆ ಧೈರ್ಯದ ಮಾತೊಂದಿದೆ. ಲಿವರಿನಷ್ಟು ಚೇತರಿಸಿಕೊಳ್ಳುವ ಅಂಗ ಮೈಯಲ್ಲಿ ಇನ್ನೊಂದಿಲ್ಲ. ಕೊಬ್ಬು ಕೂತ ಹಂತದಲ್ಲಿ ಕುಡಿತ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಆ ಕೊಬ್ಬು ಕರಗುತ್ತದೆ. ಸಿರೋಸಿಸ್ ಬಂದವರೂ ನಿಲ್ಲಿಸಿದರೆ ಬದುಕುವ ವರ್ಷಗಳು ಹೆಚ್ಚುತ್ತವೆ. ಒಂದೇ ಎಚ್ಚರಿಕೆ: ದಿನವೂ ಹೆಚ್ಚು ಕುಡಿದು ರೂಢಿಯಾದವರು ಮನೆಯಲ್ಲೇ ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಅಂಥವರು ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಬಳ್ಳಾರಿಯವರು ಹೆಮ್ಮೆಯಿಂದ ಉತ್ತರ ಹೇಳಬಹುದು. 1985ರಿಂದ 1990ರವರೆಗೆ ನಿಮ್ಹಾನ್ಸ್ ನಮ್ಮ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗಳನ್ನು ಹಳ್ಳಿಯಲ್ಲೇ ಗುರುತಿಸಿ ಔಷಧಿ ಕೊಡುವಂತೆ ಮಾಡಿತು. ಅದು ಬಳ್ಳಾರಿ ಮಾದರಿ ಎಂದೇ ಹೆಸರಾಯಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾದದ್ದು ಇದೇ. ಮಾನಸಿಕ ಕಾಯಿಲೆಯನ್ನು ನಾಚಿಕೆಯಿಲ್ಲದೆ ಹಳ್ಳಿಯಲ್ಲೇ ಕೇಳಬಹುದು, ವಾಸಿಮಾಡಬಹುದು ಎಂದು ದೇಶಕ್ಕೆ ತೋರಿಸಿದ ಜಿಲ್ಲೆ ಇದು. ಹೆಣ್ಣುಮಕ್ಕಳ ಕುಡಿತವನ್ನೂ ಅದೇ ದಾರಿಯಲ್ಲಿ ಕೇಳಬೇಕೆಂಬುದು ನನ್ನ ಆಗ್ರಹ. ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ ರಕ್ತಹೀನತೆ ಕೇಳುತ್ತಾರೆ, ಮುಟ್ಟಿನ ತೊಂದರೆ ಕೇಳುತ್ತಾರೆ. ಇದನ್ನೂ ಅದೇ ದನಿಯಲ್ಲಿ ಕೇಳಲಿ. ಸ್ವಸಹಾಯ ಸಂಘಗಳ ಸಭೆಯಲ್ಲಿ ಸಾಲದ ಕಂತಿನ ಜೊತೆ ಇದರ ಮಾತೂ ಬರಲಿ.

ಕೇಳುತ್ತಿರುವ ತಾಯಂದಿರೇ, ಅಕ್ಕತಂಗಿಯರೇ, ನಿಮ್ಮಲ್ಲಿ ಯಾರಿಗಾದರೂ ಈ ಅಭ್ಯಾಸ ಇದ್ದರೆ, ಅಥವಾ ನಿಮ್ಮ ಮನೆಯ ಹೆಣ್ಣುಮಗಳಿಗೆ ಇದ್ದರೆ, ಬೈಯಲು ಹೋಗಬೇಡಿ, ಮುಚ್ಚಿಡಲೂ ಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಲಿವರಿನ ರಕ್ತಪರೀಕ್ಷೆ ಮಾಡಿಸಿ, ಬೇಕಾದರೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಮನೆಯಿಂದ ಹೊರಬರಲಾಗದವರು ಫೋನ್ ಮಾಡಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಟೆಲಿ ಮಾನಸ್ ಸಹಾಯವಾಣಿ 14416, ಅಲ್ಲಿ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ.